ಕಾಗದವನ್ನು ನಂಬಿದ ಫೆರಾಂಟಿ

ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟಗಳ ಬದಿಗೆ ನಿಂತಿರೋ ಟಿಸಿಗಳನ್ನು ನಾವೆಲ್ಲ ನೋಡಿದ್ದೇವೆ. ಅದರೊಳಗೆ ತಂತಿಗೆ ಸುತ್ತಿರೋದು ಕಾಗದ, ಸುತ್ತಲೂ ತುಂಬಿರೋದು ಎಣ್ಣೆ. 11,000 ವೋಲ್ಟ್ ತಡೆಯೋಕೆ ಕಾಗದ ಸಾಕಾ? ಸಾಕು ಅಂತ 130 ವರ್ಷಗಳಿಗೂ ಹಿಂದೆಯೇ ತೋರಿಸಿದವರು ಸೆಬಾಸ್ಟಿಯನ್ ಫೆರಾಂಟಿ.

ಫೆರಾಂಟಿ 1864ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದರು. ತಂದೆ ಫೋಟೋಗ್ರಾಫರ್, ತಾಯಿ ಪಿಯಾನೋ ಕಲಾವಿದೆ. ನಾವು ಸೆಮಿಸ್ಟರ್ ಲೆಕ್ಕ ಹಾಕೋ ವಯಸ್ಸಿಗೆ, 1882ರಲ್ಲಿ, ಅವರು ಸ್ವಂತ ಕಂಪನಿಯ ಪಾಲುದಾರರಾಗಿದ್ದರು. ಮುಂದೆ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ದೊಡ್ಡ ವಿದ್ಯುತ್ ಕೇಂದ್ರ ಕಟ್ಟೋ ಹೊಣೆ ಬಂತು. ಅಲ್ಲಿಂದ ನಗರದೊಳಗೆ 10,000 ವೋಲ್ಟ್‌ನಲ್ಲಿ ಕರೆಂಟ್ ಒಯ್ಯಬೇಕಿತ್ತು. ಮೊದಲು ತರಿಸಿದ ಕೇಬಲ್ ತಡೆಯಲಿಲ್ಲ.

ಆಗ ಅವರು ಸಾದಾ ಕಂದು ಕಾಗದವನ್ನು ಬಿಸಿ ಮೇಣದಲ್ಲಿ ನೆನೆಸಿ ತಾಮ್ರದ ಕೊಳವೆಗೆ ಸುತ್ತಿದರು. ಅದರ ಮೇಲೆ ಇನ್ನೊಂದು ತಾಮ್ರದ ಕೊಳವೆ. ಒಂದು ತುಂಡು 20 ಅಡಿ ಮಾತ್ರ, ಹಾಗಾಗಿ ಸಾವಿರಾರು ಜೋಡಣೆ. ಸುರಕ್ಷಿತ ಅಂತ ತೋರಿಸೋಕೆ, ಕರೆಂಟ್ ಹರಿಯುತ್ತಿದ್ದ ಕೇಬಲ್‌ಗೇ ಉಳಿ ಹೊಡೆಸಿದರು. ಉಳಿ ಹಿಡಿದ ಸಹಾಯಕನಿಗೆ ಏನೂ ಆಗಲಿಲ್ಲ.

ಮೇಣ ಯಾಕೆ? ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಇಟ್ಟ ಖಡಕ್ ರೊಟ್ಟಿ ಮೆತ್ತಗಾಗುತ್ತಲ್ಲ, ಕಾಗದವೂ ಹಾಗೇ ಗಾಳಿಯ ತೇವ ಹೀರುತ್ತೆ. ಒದ್ದೆ ಕಾಗದ ವೋಲ್ಟೇಜ್ ತಡೆಯಲ್ಲ. ಮೇಣ ಆ ಸಂದುಗಳನ್ನು ತುಂಬಿ ತೇವವನ್ನು ಹೊರಗಿಟ್ಟಿತು.

1891ರಲ್ಲಿ ಫೆರಾಂಟಿ ಆ ಕೆಲಸದಿಂದ ಹೊರಬಂದರು. ಅವರ ಕೇಬಲ್ ಮಾತ್ರ ಸುಮಾರು 40 ವರ್ಷ ದುಡಿಯಿತು. 1927ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಮಾಡಿತು. 1930ರಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು.

ನಮ್ಮ ಟಿಸಿಯಲ್ಲಿ ಮೇಣದ ಬದಲು ಎಣ್ಣೆ ಇದೆ, ಶತ್ರು ಮಾತ್ರ ಅದೇ. ಲೋಡ್ ಬಿದ್ದಾಗ ಎಣ್ಣೆ ಬಿಸಿಯಾಗಿ ಹಿಗ್ಗುತ್ತೆ, ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ. ಗಾಳಿ ಜೊತೆ ತೇವವೂ ಬರುತ್ತೆ. ಅದರಲ್ಲಿ ಬಹುಪಾಲು ಸೇರೋದು ಎಣ್ಣೆಗಲ್ಲ, ಕಾಗದಕ್ಕೆ. ತೇವ ಹೆಚ್ಚಿದಷ್ಟೂ ಕಾಗದದ ನಾರು ಬೇಗ ತುಂಡಾಗುತ್ತೆ. ಎಣ್ಣೆ ಸೋಸಬಹುದು, ಬದಲಿಸಬಹುದು. ಪುಡಿಯಾದ ಕಾಗದವನ್ನು ಮತ್ತೆ ಗಟ್ಟಿ ಮಾಡೋಕಾಗಲ್ಲ.

ಅದಕ್ಕೇ ಹಲವು ಟಿಸಿಗಳಿಗೆ ಬ್ರೀದರ್ ಅನ್ನೋ ಚಿಕ್ಕ ಡಬ್ಬಿ ಇರುತ್ತೆ. ಒಳಗಿನ ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಯಾಗುತ್ತೆ. ಊರಿಗೆ ಹೋದಾಗ ದೂರದಿಂದಲೇ ನೋಡಿ. ಗುಲಾಬಿ ಕಂಡರೆ ಮುಟ್ಟದೆ ಲೈನ್‌ಮನ್‌ಗೆ ಹೇಳಿ. ಟಿಸಿ ಸುಟ್ಟರೆ ಬೋರ್ ನಿಲ್ಲುತ್ತೆ, ಬೋರ್ ನಿಂತರೆ ದ್ರಾಕ್ಷಿ ಬಳ್ಳಿ ಕಾಯಲ್ಲ.