ಸಕ್ಕರೆಯಲ್ಲಿ ಅರಮನೆ ಕಟ್ಟಿದವನು

ಹುಟ್ಟುಹಬ್ಬದ ಕೇಕ್ ಮೇಲೆ ಸ್ಪ್ರಿಂಗಿನಂತೆ ಸುತ್ತಿಕೊಂಡು ನಿಂತ ಬಣ್ಣಬಣ್ಣದ ಸಕ್ಕರೆ ಸುರುಳಿಗಳನ್ನು ನೀವೂ ನೋಡಿರಬಹುದು. ಗಾಜಿನಂತೆ ಹೊಳೆಯುತ್ತವೆ, ಬಾಯಿಗಿಟ್ಟರೆ ಕಟಕ್ಕೆಂದು ಮುರಿದು ಕರಗಿಹೋಗುತ್ತವೆ. ಫೋಟೊ ತೆಗೆದು ಕೇಕ್ ಕತ್ತರಿಸಿದ ಮೇಲೆ ಅವುಗಳ ನೆನಪು ಯಾರಿಗೂ ಇರುವುದಿಲ್ಲ. ಆದರೆ ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್‌ನಲ್ಲಿ ಒಬ್ಬಾತ ಹೀಗೆ ಕರಗಿಹೋಗುವ ಸಕ್ಕರೆಯಿಂದಲೇ ಯುರೋಪಿನ ರಾಜಮಹಾರಾಜರನ್ನು ಬೆರಗುಗೊಳಿಸಿದ್ದ. ಆತನೇ ಮರಿ ಆಂತ್ವಾನ್ ಕರೇಮ್. ಜನ ಕರೆದದ್ದು ಆಂತೋನಿನ್ ಕರೇಮ್ ಎಂದು.

ಕರೇಮ್ ಹುಟ್ಟಿದ್ದು 1784ರ ಸುಮಾರಿಗೆ, ಪ್ಯಾರಿಸ್‌ನ ಕಡುಬಡವರ ಮನೆಯಲ್ಲಿ. ಮನೆ ತುಂಬ ಮಕ್ಕಳು, ಊರು ತುಂಬ ಫ್ರೆಂಚ್ ಕ್ರಾಂತಿಯ ಗದ್ದಲ. ಹತ್ತು ವರ್ಷದ ಆಸುಪಾಸಿನಲ್ಲೇ ಹುಡುಗ ಮನೆಯಿಂದ ಹೊರಬಿದ್ದು ತನ್ನ ಹೊಟ್ಟೆ ತಾನೇ ನೋಡಿಕೊಳ್ಳಬೇಕಾಯಿತು. ಒಂದು ಸಾಧಾರಣ ಊಟದ ಅಂಗಡಿಯವರು ಆಶ್ರಯ ಕೊಟ್ಟರು. ಊಟ, ವಸತಿಗೆ ಪ್ರತಿಯಾಗಿ ಅಡುಗೆಮನೆಯ ಚಿಲ್ಲರೆ ಕೆಲಸ. ಅವನ ಓದು, ತರಬೇತಿ ಎಲ್ಲ ಶುರುವಾದದ್ದು ಅಲ್ಲಿಂದಲೇ.

1798ರಲ್ಲಿ ಪಾಲೆ ರೊಯಾಲ್ ಬಳಿಯ ಹೆಸರಾಂತ ಪೇಸ್ಟ್ರಿ ಅಂಗಡಿಯೊಂದಕ್ಕೆ ಕರೇಮ್ ಶಿಷ್ಯನಾಗಿ ಸೇರಿದ. ಮಾಲೀಕ ಸಿಲ್ವೆನ್ ಬೈಲಿ ಈ ಹುಡುಗನಿಗೆ ಕೆಲಸ ಕಲಿಸಿದ್ದಷ್ಟೇ ಅಲ್ಲ, ಬಿಡುವು ಕೊಟ್ಟು ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಲು ಬಿಟ್ಟ. ಅಲ್ಲಿನ ಚಿತ್ರಸಂಗ್ರಹದಲ್ಲಿ ಗ್ರೀಸಿನ ದೇವಾಲಯಗಳು, ರೋಮಿನ ಅವಶೇಷಗಳು, ಈಜಿಪ್ಟಿನ ಪಿರಮಿಡ್ಡುಗಳ ಚಿತ್ರಗಳಿದ್ದವು. ಕರೇಮ್ ಅವನ್ನು ನಕಲು ಮಾಡಿಕೊಂಡು ಬಂದು ಸಕ್ಕರೆ, ಬಾದಾಮಿ ಹಿಟ್ಟು, ಪೇಸ್ಟ್ರಿಯಲ್ಲಿ ಕಟ್ಟತೊಡಗಿದ. ಕೆಲವು ಹಲವಾರು ಅಡಿ ಎತ್ತರ! ಅಂಗಡಿಯ ಗಾಜಿನ ಕಿಟಕಿಯ ಮುಂದೆ ಜನ ನಿಂತು ನೋಡುತ್ತಿದ್ದರು.

ಸಕ್ಕರೆ ಹೇಗೆ ಕಂಬವಾಗುತ್ತದೆ, ಸುರುಳಿಯಾಗುತ್ತದೆ? ನಮ್ಮ ಮನೆಗಳಲ್ಲಿ ಒಂದೆಳೆ ಪಾಕ, ಉಂಡೆ ಪಾಕ ಎನ್ನುತ್ತಾರಲ್ಲ, ಅದನ್ನೂ ದಾಟಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆಗ ನೀರು ಬಹುತೇಕ ಆವಿಯಾಗಿರುತ್ತದೆ. ನಾಲ್ಕು ಹನಿ ನಿಂಬೆರಸ ಸೇರಿಸಿದರೆ ಸಕ್ಕರೆಯ ಒಂದಷ್ಟು ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇದರಿಂದ ಪಾಕ ಮತ್ತೆ ಹರಳುಗಟ್ಟದೆ ಗಾಜಿನಂತೆ ಗಟ್ಟಿಯಾಗುತ್ತದೆ. ಎಣ್ಣೆ ಸವರಿದ ಅಮೃತಶಿಲೆಯ ಮೇಲೆ ಸುರಿದು, ಬಿಸಿಯಿರುವಾಗಲೇ ಎಳೆದು ಮಡಚಿ, ಮತ್ತೆ ಎಳೆದರೆ ಗಾಳಿ ಸೇರಿ ರೇಷ್ಮೆಯ ಹೊಳಪು ಬರುತ್ತದೆ. ಎಳೆಯನ್ನು ಕಡ್ಡಿಗೆ ಸುತ್ತಿ ಆರಿದ ಮೇಲೆ ಜಾರಿಸಿ ತೆಗೆದರೆ ಸುರುಳಿ ಸಿದ್ಧ. ಸ್ವಲ್ಪ ತಡವಾದರೂ ಮುರಿಯುತ್ತದೆ, ಆತುರಪಟ್ಟರೆ ಆಕಾರ ನಿಲ್ಲುವುದಿಲ್ಲ.

ಇಂದು ಥರ್ಮಾಮೀಟರ್ ಇದೆ. ಆ ಕಾಲದ ಸಕ್ಕರೆ ಕೆಲಸಗಾರರು ತಣ್ಣೀರಿನಲ್ಲಿ ಅದ್ದಿದ ಬೆರಳನ್ನೇ ಕುದಿಯುವ ಪಾಕಕ್ಕೆ ಮುಟ್ಟಿಸಿ, ಥಟ್ಟನೆ ಮತ್ತೆ ತಣ್ಣೀರಿಗೆ ಹಾಕಿ ಹದ ನೋಡುತ್ತಿದ್ದರು! ಹಸಿರು ಬಣ್ಣಕ್ಕೆ ಪಾಲಕ್, ಹಳದಿಗೆ ಕೇಸರಿ, ಕೆಂಪಿಗೆ ಕೊಚಿನೀಲ್ ಎಂಬ ಪುಟ್ಟ ಕೀಟ ಬಳಕೆಯಲ್ಲಿದ್ದವು.

ಕರೇಮ್‌ನ ಹೆಸರು ಬೇಗ ಹಬ್ಬಿತು. ನೆಪೋಲಿಯನ್ ಸರ್ಕಾರದ ವಿದೇಶಾಂಗ ಸಚಿವನಾಗಿದ್ದ ಟ್ಯಾಲಿರಾಂಡ್ ತನ್ನ ಔತಣಗಳಿಗೆ ಆತನನ್ನು ಕರೆಸಿಕೊಂಡ. 1816ರಲ್ಲಿ ಇಂಗ್ಲೆಂಡಿನ ರಾಜಕುಮಾರನ ಅಡುಗೆಮನೆಗೆ ಹೋದ. ಮರುವರ್ಷ ಜನವರಿಯಲ್ಲಿ ಬ್ರೈಟನ್‌ನ ಅರಮನೆಯಲ್ಲಿ ರಷ್ಯಾದ ರಾಜಕುಮಾರ ನಿಕೊಲಸ್‌ಗಾಗಿ ನಡೆದ ಔತಣದಲ್ಲಿ ನೂರಕ್ಕೂ ಹೆಚ್ಚು ಬಗೆಯ ತಿನಿಸುಗಳಿದ್ದವು. ಮುಂದೆ ಪ್ಯಾರಿಸ್‌ನ ಸಿರಿವಂತ ಬ್ಯಾಂಕರ್ ಜೇಮ್ಸ್ ರಾತ್ಸ್‌ಚೈಲ್ಡ್ ಮನೆಯಲ್ಲೂ ದುಡಿದ. ಒಂದು ಕಾಲದಲ್ಲಿ ಊಟಕ್ಕಾಗಿ ಅಂಗಡಿಯ ಬಾಗಿಲಿಗೆ ಬಂದಿದ್ದ ಹುಡುಗ ಈಗ ಕಟ್ಟುತ್ತಿದ್ದುದು ಮೇಜಿನ ಮೇಲೆ ನೋಡುವುದಕ್ಕೆಂದೇ ಇಡುವ ಸಕ್ಕರೆಯ ಗುಡಿಗಳನ್ನು. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬರುತ್ತಿದ್ದ ಸಕ್ಕರೆ ಆಗ ಸಿರಿವಂತಿಕೆಯ ಗುರುತಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆ ಗುಡಿಗಳಲ್ಲಿ ಒಂದೂ ಇಂದು ಉಳಿದಿಲ್ಲ. ಸಕ್ಕರೆ ಗಾಳಿಯ ತೇವ ಹೀರುತ್ತದೆ, ಮೊದಲು ಅಂಟಾಗುತ್ತದೆ, ಆಮೇಲೆ ಕುಸಿಯುತ್ತದೆ. ಹಾಗಾದರೆ ಕರೇಮ್ ನಮಗೆ ಗೊತ್ತಿರುವುದು ಹೇಗೆ? ಆತ ಬರೆದಿಟ್ಟ. 1815ರಲ್ಲೇ ಪೇಸ್ಟ್ರಿ ಕಲೆಯ ಬಗ್ಗೆ ಎರಡು ಕೃತಿಗಳನ್ನು ಪ್ರಕಟಿಸಿದ. ಅವುಗಳಲ್ಲಿ ಒಂದರಲ್ಲಿ ಇಂಥ ಗುಡಿ, ಗೋಪುರ, ಮಂಟಪಗಳ ನೂರಕ್ಕೂ ಹೆಚ್ಚು ರೇಖಾಚಿತ್ರಗಳಿವೆ. ಬಹುಮಟ್ಟಿಗೆ ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟುತ್ತಿದ್ದ ವಿದ್ಯೆಯನ್ನು ಯಾರು ಬೇಕಾದರೂ ಕಲಿಯುವಂತೆ ತೆರೆದಿಟ್ಟ. ತನಗೆ ಗ್ರಂಥಾಲಯ ಕೊಟ್ಟದ್ದನ್ನು ಗ್ರಂಥಾಲಯಕ್ಕೇ ಹಿಂತಿರುಗಿಸಿದ ಹಾಗೆ.

ಆ ಅಡುಗೆಮನೆಗಳಲ್ಲಿ ಉರಿಯುತ್ತಿದ್ದುದು ಇದ್ದಿಲು. ವರ್ಷಗಟ್ಟಲೆ ಅದರ ಹೊಗೆ ಕುಡಿದದ್ದೇ ಆತನ ಆರೋಗ್ಯ ಕೆಡಲು ಕಾರಣ ಎನ್ನುತ್ತಾರೆ. 1833ರ ಜನವರಿ 12ರಂದು ಕರೇಮ್ ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ಫ್ರೆಂಚ್ ಅಡುಗೆಯ ಬಗ್ಗೆ ಬರೆಯುತ್ತಿದ್ದ ಐದು ಸಂಪುಟಗಳ ದೊಡ್ಡ ಗ್ರಂಥ ಮೂರಕ್ಕೇ ನಿಂತಿತ್ತು. ಉಳಿದೆರಡನ್ನು ಪ್ಲುಮೆರೆ ಎಂಬ ಮತ್ತೊಬ್ಬ ಬಾಣಸಿಗ ಬರೆದು ಮುಗಿಸಿದ.

ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕೂತು ಮಾಡಿದ ಮಾಡೆಲ್‌ಗಳನ್ನು ವೈವಾ ಮುಗಿದ ಮರುದಿನವೇ ಬಿಚ್ಚಿಹಾಕುತ್ತೇವೆ. ಪ್ರಾಜೆಕ್ಟ್ ರಿಪೋರ್ಟನ್ನು ಮಾತ್ರ ಅಂಕಕ್ಕಾಗಿ, ಕೊನೆಯ ರಾತ್ರಿ ಹೇಗೋ ಮುಗಿಸುತ್ತೇವೆ. ಕರೇಮ್ ಕಟ್ಟಿದ್ದೂ ಒಂದೇ ಸಂಜೆ ನಿಲ್ಲುತ್ತಿತ್ತು. ಆದರೆ ಮುಂದೆ ಯಾರೋ ಇದನ್ನು ಮತ್ತೆ ಕಟ್ಟುತ್ತಾರೆ ಎಂಬ ನಂಬಿಕೆಯಿಂದ ಆತ ಚಿತ್ರ ಬರೆದ. ರಿಪೋರ್ಟ್ ಬರೆಯುವಾಗ ಆ ಯಾರೋ ಒಬ್ಬರನ್ನು ನೆನೆಸಿಕೊಂಡರೆ ನಮ್ಮ ಬರವಣಿಗೆಯೂ ಬೇರೆಯಾದೀತು.