ಹೋದವರು ಹಿಂದಿರುಗಲಿಲ್ಲ: ಮೊಲೊಕಾಯ್ ದ್ವೀಪದ ಸಂತ ದಾಮಿಯನ್



ಪ್ರತಿ ವರ್ಷ ಮೇ 10ರಂದು ಧರ್ಮಸಭೆಯು ಸಂತ ದಾಮಿಯನ್‌ರನ್ನು ಸ್ಮರಿಸುತ್ತದೆ. ಸಾಮಾನ್ಯವಾಗಿ ಸಂತರು ಸ್ವರ್ಗಸ್ಥರಾದ ದಿನವೇ ಅವರ ಹಬ್ಬ. ಆದರೆ ದಾಮಿಯನ್‌ರ ಹಬ್ಬ ಅವರು ಕುಷ್ಠರೋಗಿಗಳ ದ್ವೀಪಕ್ಕೆ ಕಾಲಿಟ್ಟ ದಿನ.

1840ರ ಜನವರಿ 3ರಂದು ಬೆಲ್ಜಿಯಮ್ ದೇಶದ ಟ್ರೆಮೆಲೊ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜೋಸೆಫ್ ದೆ ವ್ಯೂಸ್ಟರ್ ಜನಿಸಿದರು. ಮಗ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಜೋಸೆಫರು ಅಣ್ಣನ ಹಾದಿ ಹಿಡಿದು ಯೇಸು ಮರಿಯರ ಪವಿತ್ರ ಹೃದಯಗಳ ಸಭೆಗೆ ಸೇರಿ ದಾಮಿಯನ್ ಎಂಬ ಹೆಸರು ಪಡೆದರು. ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದವರು ಅಣ್ಣ. ಅವರು ವಿಷಮಜ್ವರದಿಂದ ಹಾಸಿಗೆ ಹಿಡಿದಾಗ, ಇನ್ನೂ ಗುರುದೀಕ್ಷೆ ಪಡೆಯದ ತಮ್ಮ ಆ ಸ್ಥಾನವನ್ನು ಕೇಳಿ ಪಡೆದರು. 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನವೇ, ಹೊನೊಲುಲು ತಲುಪಿದರು. ಅದೇ ಮೇ ತಿಂಗಳಲ್ಲಿ ಗುರುದೀಕ್ಷೆಯಾಯಿತು.

ಆ ಕಾಲದಲ್ಲಿ ಕುಷ್ಠಕ್ಕೆ ಮದ್ದಿರಲಿಲ್ಲ. 1866ರಿಂದ ಹವಾಯಿ ಸರಕಾರ ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಮೊಲೊಕಾಯ್ ದ್ವೀಪದ ತುದಿಗೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟ. 1873ರಲ್ಲಿ ಬಿಷಪ್ ಮೆಗ್ರೆ ಅಲ್ಲಿಗೆ ಗುರುಗಳು ಬೇಕೆಂದರು. ಆದರೆ ಹೋಗಲೇಬೇಕೆಂದು ಆಜ್ಞೆ ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ನಾಲ್ವರು ಮುಂದೆ ಬಂದರು. ಸರದಿಯಂತೆ ಹೋಗಿಬರುವುದೆಂದು ತೀರ್ಮಾನವಾಯಿತು. ಮೊದಲ ಸರದಿ 33 ವರ್ಷದ ದಾಮಿಯನ್‌ರದು. ಹೋದವರು ಅಲ್ಲೇ ಉಳಿದರು.

ಆರಂಭದ ದಿನಗಳಲ್ಲಿ ಅವರು ಮಲಗಿದ್ದು ಮರದ ಕೆಳಗೆ. ಬಲಿಪೂಜೆ, ಸಂಸ್ಕಾರಗಳ ಜೊತೆಗೆ ಹುಣ್ಣು ತೊಳೆದರು, ಮನೆ ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಸತ್ತವರಿಗೆ ಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ರೋಗಿಗಳ ಜೊತೆ ಕುಳಿತು ಉಂಡರು. ಒಮ್ಮೆ ಅವರ ಸಭೆಯ ಹಿರಿಯರಿಗೆ ಹಡಗಿನಿಂದ ಇಳಿಯಲು ಅಪ್ಪಣೆ ಸಿಗಲಿಲ್ಲ. ಆಗ ದಾಮಿಯನ್‌ರು ಚಿಕ್ಕ ದೋಣಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿ ಪಾಪನಿವೇದನೆ ಮಾಡಬೇಕಾಯಿತು.

ಅವರಲ್ಲಿ ಕುಂದುಗಳೂ ಇದ್ದವು. ಬೇಗ ಸಿಟ್ಟು ಬರುತ್ತಿತ್ತು, ಹಟವೂ ಇತ್ತು. ರೋಗಿಗಳಿಗಾಗಿ ಅವರು ಮತ್ತೆ ಮತ್ತೆ ಬೇಡುವುದು ಮೇಲಿನವರಿಗೆ ಹಿಡಿಸುತ್ತಿರಲಿಲ್ಲ. ಸಂತರಾಗಲು ಮೊದಲು ಸ್ವಭಾವವೆಲ್ಲ ಸರಿಯಾಗಲಿ ಎಂದು ಕಾಯುವ ನಮ್ಮಂಥವರು ಇದನ್ನು ಗಮನಿಸಬೇಕು.

1884ರ ಡಿಸೆಂಬರಿನಲ್ಲಿ ಬಿಸಿನೀರಿಗೆ ಕಾಲಿಟ್ಟಾಗ ಚರ್ಮ ಸುಟ್ಟರೂ ನೋವು ತಿಳಿಯಲಿಲ್ಲ. ರೋಗ ತಮಗೂ ತಗಲಿದೆಯೆಂದು ಅರಿವಾಯಿತು. ಆ ಮೇಲೂ ನಾಲ್ಕು ವರ್ಷ ದುಡಿದರು. 1888ರಲ್ಲಿ ಮದರ್ ಮರಿಯಾನ್ನೆ ಕೋಪ್ ಮತ್ತು ಜೊತೆಯ ಧರ್ಮಭಗಿನಿಯರು ಬಂದ ಮೇಲೆ, ತಮ್ಮ ನಂತರವೂ ಕೆಲಸ ನಡೆಯುವುದೆಂಬ ಧೈರ್ಯ ಬಂತು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ, ನಿಧನರಾದರು. 2009ರ ಅಕ್ಟೋಬರ್ 11ರಂದು ಪೋಪ್ 16ನೇ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು.

ದಾಮಿಯನ್‌ರು ತೀರಿಕೊಂಡ ಮರುವರ್ಷ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಗುರು ಫಾದರ್ ಆಗಸ್ಟಸ್ ಮುಲ್ಲರರು ಕುಷ್ಠರೋಗಿಗಳಿಗೆ ಆಸರೆ ತೆರೆದರು.

ಇಂದು ಕುಷ್ಠ ಗುಣವಾಗುವ ಕಾಯಿಲೆ. ಆದರೆ ಯಾರೂ ಹೋಗದ ಮನೆಗಳು ನಮ್ಮ ವಾರ್ಡುಗಳಲ್ಲಿ ಈಗಲೂ ಇವೆ. ಮಕ್ಕಳು ಗಲ್ಫಿನಲ್ಲಿದ್ದು ಒಂಟಿಯಾದ ತಾಯಿ, ಕುಡಿತದ ಕಾರಣ ಎಲ್ಲರೂ ದೂರವಿಟ್ಟ ತಮ್ಮ, ವರ್ಷಗಳಿಂದ ಹಾಸಿಗೆಯಲ್ಲಿರುವ ಅಜ್ಜ. ಪರಮಪ್ರಸಾದ ಒಯ್ಯುವ ನಮಗೆ, ಗುರಿಕಾರರಿಗೆ ಆ ಮನೆಗಳ ದಾರಿ ಗೊತ್ತಿದೆ. ನಮಗೆ ಬಿಡುವಾದಾಗ ಹೋಗುವುದು ಒಂದು. ಅವರಿಗೆ ಬೇಕಾದಾಗ ಹೋಗುವುದು ಇನ್ನೊಂದು. ಈ ವಾರ ಅಂಥ ಒಂದು ಮನೆಗೆ ಹೋಗೋಣ. ಗಡಿಯಾರ ನೋಡದೆ ಸ್ವಲ್ಪ ಹೊತ್ತು ಕುಳಿತು ಬರೋಣ.

ಸಂತ ದಾಮಿಯನ್‌ರೇ, ನಮಗಾಗಿ ಪ್ರಾರ್ಥಿಸಿರಿ.