ಮಾಂಸ ಕಂಪನಿಗಳಿಗೆ ಲಗಾಮು ಬಯಸಿದ ದನಗಾಹಿ: ಜಾನ್ ಕೆಂಡ್ರಿಕ್

ಅಮೆರಿಕದ ಜಾನುವಾರು ಮಾರುಕಟ್ಟೆಯಲ್ಲಿ ನ್ಯಾಯಯುತ ಪೈಪೋಟಿಗಾಗಿ ನಡೆದ ಹೋರಾಟದಲ್ಲಿ ಮುಂಚೂಣಿಯಲ್ಲಿದ್ದ ಹೆಸರು ಜಾನ್ ಬಿ. ಕೆಂಡ್ರಿಕ್. ಟೆಕ್ಸಾಸ್‌ನಲ್ಲಿ 1857ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಹೆತ್ತವರನ್ನು ಕಳೆದುಕೊಂಡರು. ವಿದ್ಯೆ ಅಷ್ಟಕ್ಕಷ್ಟೇ. 1879ರಲ್ಲಿ ಚಾರ್ಲ್ಸ್ ವುಲ್ಫ್‌ಜೆನ್ ಎಂಬುವರ ದನದ ಹಿಂಡಿನೊಡನೆ ಕೂಲಿಯಾಳಾಗಿ ವಯೋಮಿಂಗ್‌ಗೆ ಬಂದರು. ಹನ್ನೆರಡು ವರ್ಷಗಳ ಬಳಿಕ ಅದೇ ಯಜಮಾನರ ಮಗಳು ಯೂಲಾಳ ಕೈಹಿಡಿದರು. ಮುಂದೆ ಅವರ ಹುಲ್ಲುಗಾವಲು 2 ಲಕ್ಷ ಎಕರೆಯನ್ನೂ ಮೀರಿತು.

ಇಷ್ಟು ದೊಡ್ಡ ಒಡೆಯನಿಗೂ ಮಾರುಕಟ್ಟೆಯಲ್ಲಿ ದನಿಯಿರಲಿಲ್ಲ. ದನಗಳು ರೈಲಿನಲ್ಲಿ ನೂರಾರು ಮೈಲಿ ಸಾಗಿ ಷಿಕಾಗೋದ ದೊಡ್ಡಿ ಸೇರಿದ ಮೇಲೆ ಹಿಂದಕ್ಕೆ ಒಯ್ಯುವುದು ನಷ್ಟದ ಬಾಬತ್ತು. ಕಾದು ನಿಂತರೆ ತೂಕ ಇಳಿಯುತ್ತಿತ್ತು, ಮೇವಿನ ಖರ್ಚು ಏರುತ್ತಿತ್ತು. ಕೊಳ್ಳುವವರಾದರೋ ಸ್ವಿಫ್ಟ್, ಆರ್ಮರ್, ಮಾರಿಸ್, ವಿಲ್ಸನ್, ಕಡಾಹಿ ಎಂಬ ಐದು ಮಾಂಸ ಕಂಪನಿಗಳು. ಅಧ್ಯಕ್ಷ ವುಡ್ರೊ ವಿಲ್ಸನ್ 1917ರಲ್ಲಿ ಆದೇಶಿಸಿದ ತನಿಖೆಯನ್ನು ಫೆಡರಲ್ ಟ್ರೇಡ್ ಕಮಿಷನ್ ನಡೆಸಿತು. ಈ ಐವರು ಖರೀದಿಯನ್ನು ಮೊದಲೇ ಪಾಲು ಹಾಕಿಕೊಳ್ಳುತ್ತಿದ್ದಾರೆ, ದೊಡ್ಡಿಗಳಲ್ಲೂ ಶೀತಲ ರೈಲು ಬೋಗಿಗಳಲ್ಲೂ ಅವರದೇ ಹಿಡಿತವಿದೆ ಎಂದು ವರದಿ ಮಾಡಿತು.

ವಯೋಮಿಂಗ್‌ನ ಗವರ್ನರ್ ಆಗಿದ್ದ ಕೆಂಡ್ರಿಕ್ ಅಷ್ಟರಲ್ಲಿ ಸೆನೆಟ್ ಪ್ರವೇಶಿಸಿದ್ದರು. ಅವರು ಡೆಮಾಕ್ರಾಟ್, ಜೊತೆಗೂಡಿದ ಅಯೋವಾದ ಸೆನೆಟರ್ ವಿಲಿಯಂ ಕೆನ್ಯನ್ ರಿಪಬ್ಲಿಕನ್. ಕಂಪನಿಗಳು ಸರ್ಕಾರದ ಪರವಾನಗಿ ಪಡೆದೇ ವ್ಯವಹರಿಸಬೇಕೆಂಬ ಮಸೂದೆಗಳನ್ನು 1919ರಲ್ಲಿ ಇಬ್ಬರೂ ಮಂಡಿಸಿದರು. ಕಂಪನಿಗಳು ತೀವ್ರವಾಗಿ ವಿರೋಧಿಸಿದವು. ಕೆಂಡ್ರಿಕ್‌ಗೆ ಇದರಲ್ಲಿ ಸ್ವಹಿತವಿರಲಿಲ್ಲ ಎನ್ನಲಾಗದು. ಆದರೆ ದೊಡ್ಡಿಯಲ್ಲಿ ನಿಂತು ನೊಂದವನ ಅನುಭವ ಅವರ ಬೆನ್ನಿಗಿತ್ತು.

ಪರವಾನಗಿಯ ಷರತ್ತು ಕೊನೆಗೂ ಉಳಿಯಲಿಲ್ಲ. ಅಧ್ಯಕ್ಷ ಹಾರ್ಡಿಂಗ್ 1921ರ ಆಗಸ್ಟ್ 15ರಂದು ಸಹಿ ಹಾಕಿದ ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಕಾಯ್ದೆ ತುಸು ಮೃದುವಾದುದೇ. ಆದರೂ ಬೆಲೆಯ ಕೈವಾಡ, ತಾರತಮ್ಯ ಮತ್ತು ಖರೀದಿಯ ಪಾಲುದಾರಿಕೆಯನ್ನು ಅದು ನಿಷೇಧಿಸಿತು. ದೊಡ್ಡಿಯ ಶುಲ್ಕ ನ್ಯಾಯಯುತವಾಗಿರಬೇಕೆಂದು ವಿಧಿಸಿ, ಉಸ್ತುವಾರಿಯನ್ನು ಕೃಷಿ ಕಾರ್ಯದರ್ಶಿಗೆ ವಹಿಸಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಲವು ತಿದ್ದುಪಡಿಗಳೊಂದಿಗೆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಅದೇ 1922ರಲ್ಲಿ, ಪೈಪೋಟಿಯ ಹರಾಜಿಲ್ಲದೆ ಗುಟ್ಟಾಗಿ ನೀಡಲಾಗಿದ್ದ ಟೀಪಾಟ್ ಡೋಮ್ ತೈಲ ಗುತ್ತಿಗೆಯ ವಿವರ ಕೇಳಿ ಸೆನೆಟ್‌ನಲ್ಲಿ ಗೊತ್ತುವಳಿ ತಂದವರೂ ಕೆಂಡ್ರಿಕ್. ಆ ಹಗರಣ ಒಬ್ಬ ಮಾಜಿ ಸಚಿವರನ್ನು ಸೆರೆಮನೆಗೆ ಅಟ್ಟಿತು. ಸೆನೆಟರ್ ಆಗಿರುವಾಗಲೇ, 1933ರ ನವೆಂಬರ್ 3ರಂದು, ಕೆಂಡ್ರಿಕ್ ಷೆರಿಡನ್‌ನಲ್ಲಿ ನಿಧನರಾದರು. ಅಲ್ಲಿ ಅವರು ಕಟ್ಟಿಸಿದ ‘ಟ್ರೇಲ್ ಎಂಡ್’ ಬಂಗಲೆ ಈಗ ವಸ್ತುಸಂಗ್ರಹಾಲಯ.